ಎಣ್ಣೆ ಕಂಪನಿಗೆ ಕಳಿಸಿದ ಸಾಲು

ರೊಕಿಯಾ ಅಕ್ಕಾ,

ಇವತ್ತು ಮಧ್ಯಾಹ್ನ ನಿನ್ನ ಮಗಳು ಸುರಾಯಾ ತೈಪಿಂಗಿಗೆ ಬಂದು ನಮ್ಮ ಮನೆ ಬಾಗಿಲು ತಟ್ಟಿದಳು. ನೀನು ತೀರಿಕೊಂಡಾಗಲೂ ಬಾರದಿದ್ದವಳು. ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಚೂರು ಹಿಡಿದಿದ್ದಳು. ಅಡುಗೆ ಎಣ್ಣೆ ಕಂಪನಿಯ ಘೋಷವಾಕ್ಯ ಸ್ಪರ್ಧೆಯಲ್ಲಿ ಮೊದಲ ಬಹುಮಾನವಾಗಿ ಬಂದ ಫ್ರಿಜ್ಜಿನ ಪಕ್ಕ ನಾನು ನಿಂತಿರುವ ಚಿತ್ರ, ಅದರ ಕೆಳಗೆ ಗೆದ್ದ ಸಾಲು: "ಈ ಎಣ್ಣೆಯೇ ನನಗೆ ಬೇಕು, ಏಕೆಂದರೆ ಮುನಿಸಿಕೊಂಡು ಹೋದವರೂ ಬಾಳೆಹಣ್ಣು ಕರಿಯುವ ಘಮಕ್ಕೆ ಹಿತ್ತಿಲ ಬಾಗಿಲಿಗೆ ಬರುತ್ತಾರೆ."

ನಾವಿಬ್ಬರೂ ಹತ್ತು ವರ್ಷ ಒಂದೇ ಮೇಜಿನ ಮುಂದೆ ಕೂತು ಸ್ಪರ್ಧೆಗಳಿಗೆ ಲಕೋಟೆ ಅಂಟಿಸಿದವರು. ಈ ಸಾಲನ್ನು ನೀನು ಬರೆದ ದಿನ ನನಗೆ ಹೇಳಿದ್ದೆ, "ಇದನ್ನ ಕಳ್ಸೋದು ಬೇಡ, ಮೂಯ್. ಇದು ಬಹುಮಾನಕ್ಕಲ್ಲ, ನನ್ನ ಮಗಳಿಗೆ." ನೀನು ಹೋದ ಮೇಲೆ ನಾನು ಅದನ್ನು ನನ್ನ ಹೆಸರಿನಲ್ಲಿ ಅಂಚೆಗೆ ಹಾಕಿದೆ.

"ಆಂಟಿ, ಇದು ಅಮ್ಮ ಬರ್ದಿದ್ದಾ?" ಸುರಾಯಾ ಕೇಳಿದಳು. "ಅಮ್ಮ ನನಗೋಸ್ಕರ ಕಾಯ್ತಿದ್ಳಾ?"

ಬೀದಿಯವರೆಲ್ಲ ಬಂದು ಫ್ರಿಜ್ ನೋಡಿ, ನನ್ನ ಬುದ್ಧಿಯನ್ನು ಹೊಗಳಿ ಹೋಗಿ ಎರಡೇ ದಿನವಾಗಿತ್ತು. ಪಕ್ಕದ ಮನೆಯವಳು ಆಗಲೂ ಬೇಲಿಯ ಹತ್ತಿರ ಬಟ್ಟೆ ಒಣಹಾಕುತ್ತಿದ್ದಳು.

"ಇಲ್ಲಮ್ಮ, ನಾನೇ ಬರ್ದಿದ್ದು," ಎಂದೆ.

ಅವಳು ಕಾಗದದ ಚೂರನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. "ಕ್ಷಮಿಸಿ ಆಂಟಿ. ನಾನೇ ಏನೋ ಅಂದ್ಕೊಂಡ್ಬಿಟ್ಟೆ."

ನೀರು ಕೊಟ್ಟರೂ ಕುಡಿಯದೆ ಬಸ್ ನಿಲ್ದಾಣದ ಕಡೆ ನಡೆದಳು. ನಿನ್ನದೇ ನಡಿಗೆ, ಅಕ್ಕಾ. ಮೂಲೆ ತಿರುಗುವ ತನಕ ಬಾಗಿಲಲ್ಲೇ ನಿಂತು ನೋಡಿದೆ. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದಳು.