ಅಪ್ಪ ಹಿಡಿದ ವೀಳ್ಯ

ಅಪ್ಪ,

ನೀನು ದೆಹಲಿಗೆ ಬಂದಿದ್ದು ಒಂದೇ ಸಲ. ನಾನಾಗ ರಕ್ಷಣಾ ಮಂತ್ರಾಲಯದಲ್ಲಿ ಕಾರ್ಯದರ್ಶಿ. ನನ್ನ ಕೋಣೆಯ ಹೊರಗೆ, ನಿನ್ನ ಪಕ್ಕದಲ್ಲೇ, ಒಬ್ಬ ಜನರಲ್ ಸಾಹೇಬರು ಫೈಲು ಹಿಡಿದು ಕಾಯುತ್ತಿದ್ದರು. ಮನೆಗೆ ಹೋಗುವಾಗ ಕಾರಿನಲ್ಲಿ ನೀನು ಕೇಳಿದೆ, “ನೀನು ಬಂದೂಕ ಮುಟ್ದೋನಲ್ಲ. ಅಂಥಾ ಮೀಸೆಯೋರು ನಿಂಗೆ ಕಾಯ್ತಾರಲ್ಲಾ?” ಸೈನ್ಯ ಸರ್ಕಾರದ ಮಾತು ಕೇಳಬೇಕು, ಆ ಮಾತು ನನ್ನ ಮೇಜಿನ ಮೇಲೆ ಹಾದುಹೋಗುತ್ತೆ, ಅಷ್ಟೇ ಅಂದೆ ನಾನು. ನಿನಗೆ ಅರ್ಥವಾದದ್ದೇ ಬೇರೆ. ನಮ್ಮೂರು ಹಂದನಕೆರೆಗೆ ಹೋದವನೇ ಇಡೀ ದಂಡು ನನ್ನ ಮಗನ ಕೈಯಲ್ಲಿದೆ ಎಂದುಬಿಟ್ಟೆ.

ಅದನ್ನು ನಿಂಗಮ್ಮ ನಂಬಿದಳು. ಗಂಡನಿಲ್ಲದವಳು, ಇದ್ದೊಬ್ಬ ಮಗ ರಂಗಸ್ವಾಮಿ ಹಿಮದ ಗಡಿಯಲ್ಲಿ ಸಿಪಾಯಿ. ಅವನನ್ನು ಬೆಂಗಳೂರಿನ ಕಡೆಗೆ ಹಾಕಿಸಿಕೊಡಿ ಎಂದು ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ನಿನಗೆ ವೀಳ್ಯ ಕೊಟ್ಟಳು. ನಮ್ಮ ಕಡೆ ವೀಳ್ಯ ಹಿಡಿದರೆ ಕೆಲಸ ಒಪ್ಪಿಕೊಂಡ ಹಾಗೆ. ನನ್ನನ್ನೊಂದು ಮಾತು ಕೇಳದೆ ಯಾಕಪ್ಪ ಹಿಡಿದೆ? “ಹಿಡ್ದಾಗೋಗೈತೆ ಕಣ್ಲಾ. ನನ್ ಮಾನ ಉಳ್ಸು” ಎಂದು ನೀನು ಕಾಗದ ಬರೆದಿದ್ದೆ.

ಅದನ್ನು ಓದಿದಾಗ ನನಗೆ ಸಿಟ್ಟು ನೆತ್ತಿಗೇರಿತು. ಯಾವ ಸಿಪಾಯಿ ಎಲ್ಲಿರಬೇಕೆಂಬುದು ಸೇನೆಯವರಿಗೆ ಬಿಟ್ಟಿದ್ದು, ಅದರಲ್ಲಿ ನಾನು ಕೈಹಾಕಬಾರದು. ನಮ್ಮೂರವನೆಂದು ಒಬ್ಬನಿಗೆ ಮಾಡಿದರೆ ನಾಳೆ... ಇದನ್ನೇ ನಾಲ್ಕು ಸಾಲು ಗೀಚಿ ಕಳಿಸಿದೆ. ಬರೆದಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಬರೆಯದೆ ಬಿಟ್ಟ ಸಾಲೊಂದಿತ್ತಲ್ಲಪ್ಪ. ವಿಧವೆಯ ಒಬ್ಬನೇ ಮಗ ತನ್ನ ಮೇಲಧಿಕಾರಿಗೇ ಅರ್ಜಿ ಕೊಟ್ಟು ಊರಿನ ಹತ್ತಿರಕ್ಕೆ ಹಾಕಿ ಎಂದು ಕೇಳಬಹುದಿತ್ತು. ಯಾರ ಶಿಫಾರಸೂ ಬೇಕಿರಲಿಲ್ಲ. ನನಗದು ಬಾಯಿಪಾಠವಾಗಿತ್ತು. ಸಿಟ್ಟಿನಲ್ಲಿ ಬರೆಯಲಿಲ್ಲ.

ಎರಡು ತಿಂಗಳಿಗೆ ಹಿಮ ಕುಸಿದು ರಂಗಸ್ವಾಮಿ ಸತ್ತುಹೋದ.

ಆಮೇಲೆ ಊರಿಗೆ ಬಂದಾಗ ನೋಡಿದೆ, ನೀನು ನಿಂಗಮ್ಮನ ಮನೆ ಮುಂದಿನ ದಾರಿ ಬಿಟ್ಟು ತೋಟದ ಬೇಲಿ ಸುತ್ತಿಕೊಂಡು ಬಸ್ಸಿಗೆ ಹೋಗುತ್ತಿದ್ದೆ. ಯಾಕಪ್ಪ ಅಂದರೆ, “ಈ ಕಡೆ ನೆರಳೈತೆ ಬುಡು” ಅಂದೆ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ಬಾಯಿಬಿಡುತ್ತಿದ್ದೆನೇನೋ...

ಮೊನ್ನೆ ನಿನ್ನ ತಿಥಿಗೆ ಬಂದವನು ಧೈರ್ಯ ಮಾಡಿ ಅವಳ ಜಗಲಿಯಲ್ಲಿ ಕೂತೆ. ನೀರು ತಂದುಕೊಟ್ಟಳು. “ನಿಮ್ ಮ್ಯಾಲೆ ನಂಗೇನೂ ಇಲ್ಲ ಕಣಣ್ಣ. ನಿಮ್ಮಪ್ಪನೇ ಬಂದು ಹೇಳುದ್ರಲ್ಲ, ಮರ್ತ್ಬುಟ್ಟೆ ಕಣವ್ವ, ಮಗಂಗೆ ಕಾಗ್ದನೇ ಬರೀನಿಲ್ಲ ಅಂತ. ಅವತ್ತಿಂದ ಅವ್ರ ಮುಖ ನೋಡ್ನಿಲ್ಲ ನಾನು.”

ಅಪ್ಪ, ಯಾಕೆ ಹಾಗೆ ಹೇಳಿದೆ? ಮಾನ ಉಳಿಸು ಅಂದವನು ನೀನಲ್ಲವಾ? ಆರು ವರ್ಷ ಅವಳ ಶಾಪವನ್ನೆಲ್ಲ ನೀನೊಬ್ಬನೇ ಹೊತ್ತುಕೊಂಡು ಓಡಾಡಿದೆಯಲ್ಲ.

ನಾನು ಅವಳಿಗೆ ಎಲ್ಲ ಹೇಳಿದೆ. ನಿನ್ನ ಕಾಗದ ನನಗೆ ತಲುಪಿತ್ತು, ಓದಿದ್ದೆ, ಇಂಥದೊಂದು ದಾರಿಯಿದೆ ಎಂದು ಗೊತ್ತಿದ್ದೂ ತಿಳಿಸಲಿಲ್ಲ ಎಂದೆ. ಚೊಂಬು ಎತ್ತಿಕೊಂಡು ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು.

“ನಿಮ್ಮಪ್ಪ ಸಾಯೋ ದಿನ ಬಾಯಿಗೆ ನೀರು ಬುಡು ಬಾ ಅಂತ ನಂಗೆ ಹೇಳಿ ಕಳ್ಸಿದ್ರು ಕಣಣ್ಣ,” ಅಂದಳು. “ನಾನು ಹೋಗ್ನಿಲ್ಲ.”