ವಿಶ್ರಾಂತಿಯಲ್ಲಿ ಯಾರೂ ಮಲಗಬಾರದು

ಹುಬ್ಬಳ್ಳಿ
ಫೆಬ್ರವರಿ ೩೦, ೨೧೯೪

ನಮಗಿಂತ ಮೊದಲು ಸಿನಿಮಾ ನೋಡಿದವರೆಲ್ಲರಿಗೂ ನೀಲಾಂಬಿಕೆ ಹೂಗಾರಳ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಪಾಪ, ಅಷ್ಟು ವರ್ಷ ಕಡಿಮೆ ಕೊಟ್ಟಿದ್ದರಲ್ಲ ಎಂದು ನಾವೂ ಸುಮ್ಮನಿದ್ದೇವೆ. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಕಷ್ಟವೆಲ್ಲ ನಮ್ಮಿಂದ ನಿಮಗೆ ಕಳಿಸುವುದರಲ್ಲಿ. ನೀವು ಉತ್ತರ ಬರೆದು ಎಲ್ಲಾದರೂ ಭದ್ರವಾಗಿ ಇಟ್ಟರೆ ಸಾಕು, ನಾವು ತೆಗೆದು ಓದುತ್ತೇವೆ. ನನ್ನ ಬರವಣಿಗೆಯಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಬಂದರೆ ಕ್ಷಮಿಸಿ, ಅರ್ಥ ಹೇಳುತ್ತ ಹೋಗುತ್ತೇನೆ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಸಿಟ್ಟು ಏಕೆಂದರೆ, ಐದು ವರ್ಷ ನನ್ನ ಗಂಡ ನನ್ನ ಜೊತೆ ಜಗಳವಾಡಲೇ ಇಲ್ಲ.

ನಿಮಗೆ ನಗು ಬರಬಹುದು. ನನ್ನ ಗಂಡ ಶಿವಪುತ್ರಪ್ಪನವರನ್ನು ಬಲ್ಲವರು ನಗುವುದಿಲ್ಲ. ಅವರು ಬಾಯಿ ಬಿಟ್ಟು ಏನನ್ನೂ ಹೇಳುವವರಲ್ಲ. ಊಟ ಆಯಿತೇ ಎಂದರೆ ಹೂಂ, ಮೈ ಸರಿಯಿಲ್ಲವೇ ಎಂದರೆ ಊಹೂಂ. ಆದರೆ ಮೊದಲೆಲ್ಲ ಪ್ರತಿ ಶುಕ್ರವಾರ ಸಿನಿಮಾ ನೋಡಿ ಮನೆಗೆ ನಡೆದು ಬರುವಾಗ ಅವರ ನಾಲಿಗೆಗೆ ಜೀವ ಬರುತ್ತಿತ್ತು. ನಾಯಕಿ ಮಾಡಿದ್ದು ಸರಿ ಎಂದು ನಾನು, ತಪ್ಪು ಎಂದು ಅವರು. ದುರ್ಗದಬೈಲಿನ ಥಿಯೇಟರಿನಿಂದ ನಮ್ಮ ಮನೆಯವರೆಗೂ ಕೈ ಬೀಸಿಕೊಂಡು ಜಗಳ. ಅವರಿಗೆ ಯಾವುದರ ಭಯ, ಯಾವುದರ ಆಸೆ, ಏನು ಕಂಡರೆ ಕಣ್ಣು ತುಂಬುತ್ತದೆ ಎಂಬುದೆಲ್ಲ ನನಗೆ ತಿಳಿದದ್ದು ಆ ಜಗಳಗಳಲ್ಲೇ. ಯಾರದೋ ಕಥೆಯ ನೆಪದಲ್ಲಿ ಅವರು ತಮ್ಮದನ್ನು ಹೇಳಿಕೊಳ್ಳುತ್ತಿದ್ದರು. ಸಂಸಾರ ಹಾಗೇ ನಡೆದಿತ್ತು.

ಆಮೇಲೆ ತನ್ತೆರೆ ಬಂತು. ಅಂದರೆ ಥಿಯೇಟರಿನಲ್ಲಿ ಒಬ್ಬೊಬ್ಬರಿಗೂ ಅವರವರದೇ ತೆರೆ, ಅವರವರದೇ ಸಿನಿಮಾ. ನೀವೆಲ್ಲ ಒಂದೇ ಬಟ್ಟೆಯ ಮೇಲೆ ಒಂದೇ ಕಥೆ ನೋಡುತ್ತಿದ್ದಿರಲ್ಲ, ಅದನ್ನು ನಾವೀಗ ಕೂಡುತೆರೆ ಎನ್ನುತ್ತೇವೆ, ಹೇಳುವಾಗ ಸ್ವಲ್ಪ ಮೂಗು ಮುರಿದೇ ಹೇಳುತ್ತೇವೆ. ಈಗ ನಾವು ಕೂರುವುದು ನಾಡಿಗುರ್ಚಿಯಲ್ಲಿ. ಅದು ನಮ್ಮ ನಾಡಿ ಹಿಡಿದು, ಕಣ್ಣು ಎಲ್ಲಿ ಓಡುತ್ತದೆ ಎಂದು ನೋಡಿ, ನಮಗೆ ಬೇಸರವಾಗದಂತೆ ಕಥೆಯನ್ನು ಕೂತಲ್ಲೇ ತಿದ್ದುತ್ತದೆ. ಸಿನಿಮಾದ ಹೆಸರು ಮಾತ್ರ ಎಲ್ಲರಿಗೂ ಒಂದೇ.

ಹೋದ ತಿಂಗಳು ಬಂದ ‘ಕಂಬಳಿ ರಾಣಿ’ಯನ್ನೇ ತೆಗೆದುಕೊಳ್ಳಿ. ರಾಣಿ ಅರಮನೆ ಬಿಟ್ಟು ಕುರಿಗಾರರ ಹಟ್ಟಿಗೆ ಬಂದಳು. ಶುರುವೇನೋ ಚೆನ್ನಾಗಿತ್ತು. ನನ್ನ ಗ್ರಹಚಾರ, ಹಟ್ಟಿಯ ಮೂಲೆಯಲ್ಲಿ ಒಂದು ತಾಮ್ರದ ಕೊಡ ಇತ್ತು. ಎಷ್ಟು ದಿನದಿಂದ ಹುಣಸೆಹಣ್ಣು ಕಂಡಿಲ್ಲವೋ, ಕಪ್ಪಿಟ್ಟು ಹೋಗಿತ್ತು. ಯಾರಾದರೂ ತಿಕ್ಕಬಾರದೇ ಎಂದು ನಾನು ಅದನ್ನೇ ನೋಡುತ್ತಾ ಕೂತೆ. ಕುರ್ಚಿಗೆ ಅಷ್ಟೇ ಸಾಕಾಯಿತು. ಕಥೆ ಕೊಡದ ಕಡೆ ತಿರುಗಿತು. ಕೊಡ ಯಾರದು, ಯಾವ ಮದುವೆಯಲ್ಲಿ ಕೊಟ್ಟರು, ಯಾವ ಕಂಚುಗಾರ ಬಡಿದ, ಅವನ ಪ್ರೇಮ, ಅವನ ವಿರಹ. ರಾಣಿ ಹೋದವಳು ಮತ್ತೆ ಬರಲೇ ಇಲ್ಲ. ಕೊನೆಯಲ್ಲಿ ಕೊಡ ಒಂದು ಹಾಡು ಹೇಳಿತು. ಅದನ್ನು ಮಾತ್ರ ಕೊನೆಯವರೆಗೂ ಯಾರೂ ತಿಕ್ಕಲಿಲ್ಲ.

ಮೊನ್ನೆಯ ‘ಏಳನೇ ಟೋಲ್ ಗೇಟ್’ ಇನ್ನೂ ಚೆಂದ. ಹಿಂದೊಮ್ಮೆ ಯಾವುದೋ ಚಿತ್ರದಲ್ಲಿ ಅಜ್ಜಿ ಸತ್ತಾಗ ನಾನು ಮೂಗು ಒರೆಸಿಕೊಂಡಿದ್ದೆ. ಕುರ್ಚಿ ಅದನ್ನು ನೆನಪಿಟ್ಟುಕೊಂಡಿದೆ. ಅಲ್ಲಿಂದ ಇಲ್ಲಿಯವರೆಗೆ ನನ್ನ ಪಾಲಿನ ಸಿನಿಮಾಗಳಲ್ಲಿ ಅಜ್ಜಿಯರು ಸಾಯುವುದನ್ನೇ ಬಿಟ್ಟಿದ್ದಾರೆ. ಈ ಚಿತ್ರದಲ್ಲಿ ಲಾರಿ ಹಾಯ್ದರೂ ಅಜ್ಜಿ ಎದ್ದು ಸೀರೆ ಕೊಡವಿಕೊಂಡು ನಡೆದಳು. ನನಗೆ ಅಳಬೇಕಿತ್ತು ಸ್ವಾಮಿ! ಅಳುವುದಕ್ಕೆಂದೇ ಹೋಗಿದ್ದೆ. ಖಳನ ಮೀಸೆ ಅಸಹ್ಯವಾಗಿದೆ ಎಂದು ದುರುಗುಟ್ಟಿದ್ದಕ್ಕೆ ಮುಂದಿನ ದೃಶ್ಯದಲ್ಲಿ ಮೀಸೆ ಮಾಯ. ಒಮ್ಮೆ ಆಕಳಿಸಿದೆ, ತಕ್ಷಣ ಊರಿಗೆ ಬೆಂಕಿ ಬಿತ್ತು.

ಹೊರಗೆ ಬಂದು ಯಜಮಾನರನ್ನು ಕೇಳಿದೆ, ಹೇಗಿತ್ತೆಂದು.

“ಚೊಲೊ ಇತ್ತು.”

“ಏನ್ ಚೊಲೊ ಇತ್ರೀ?”

“ಎಲ್ಲಾ ಚೊಲೊ ಇತ್ತು.”

ಅವರ ‘ಏಳನೇ ಟೋಲ್ ಗೇಟ್’ನಲ್ಲಿ ಟೋಲ್ ಗೇಟೇ ಇರಲಿಲ್ಲವಂತೆ, ದೋಣಿಗಳ ಪಂದ್ಯ ಇತ್ತಂತೆ. ನನ್ನ ಅಜ್ಜಿಗೂ ಅವರ ದೋಣಿಗೂ ಏನು ಸಂಬಂಧ? ಯಾವ ಎಳೆ ಹಿಡಿದು ಜಗಳ ತೆಗೆಯಲಿ? ಜೊತೆಗೆ ಹೋಗಿ, ಪಕ್ಕದಲ್ಲೇ ಕೂತು, ಬೇರೆ ಬೇರೆ ಊರು ನೋಡಿ ಬಂದವರಂತೆ ಸುಮ್ಮನೆ ನಡೆದು ಮನೆ ಸೇರುತ್ತೇವೆ. ಐದು ವರ್ಷ ಹೀಗೇ. ಆ ‘ಚೊಲೊ ಇತ್ತು’ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಈ ಮನುಷ್ಯ ನನ್ನ ಪಕ್ಕದಲ್ಲೇ ಇದ್ದೂ ಕೈತಪ್ಪಿ ಹೋಗುತ್ತಿದ್ದಾರೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಹೀಗಿರುವಾಗ ಹಳೆಯ ಚಿತ್ರಗಳನ್ನು ಕಾಪಾಡುವ ಮಂಡಳಿಯವರು, ನಿಮ್ಮ ಕಾಲದ ಒಂದು ಕನ್ನಡ ಚಿತ್ರ ಸಿಕ್ಕಿದೆ, ಕೂಡುತೆರೆಯಲ್ಲೇ ಮಧ್ಯಾಹ್ನದ ಆಟ ಹಾಕುತ್ತೇವೆ ಎಂದು ಸಾರಿದರು. ನಾನು ಬೆಳಿಗ್ಗೆಯೇ ಮೆಣಸಿನಕಾಯಿ ಸೀಳಿ ಮಿರ್ಚಿ ಭಜಿ ಕರಿದು ಡಬ್ಬಿಗೆ ತುಂಬಿ ಸೆರಗಿನಡಿ ಇಟ್ಟುಕೊಂಡೆ. ನಮ್ಮ ಥಿಯೇಟರುಗಳಲ್ಲಿ ಖಾರ ನಿಷಿದ್ಧ. ಖಾರ ತಿಂದರೆ ನಾಡಿ ಏರಿ, ಕುರ್ಚಿ ಗಲಿಬಿಲಿಗೊಂಡು ಕಥೆಯೊಳಗೆ ದೆವ್ವ ಬಿಡುತ್ತದೆ.

ಆಟಕ್ಕೆ ಮುಂಚೆ ಮಂಡಳಿಯ ವಿದುಷಿ ರೇಣುಕಾದೇವಿ ವೇದಿಕೆ ಹತ್ತಿ ಭಾಷಣ ಮಾಡಿದರು. ಚಿತ್ರದ ನಡುವೆ ತೆರೆಯ ಮೇಲೆ ‘ವಿಶ್ರಾಂತಿ’ ಎಂಬ ಅಕ್ಷರಗಳು ಬರುತ್ತವೆ, ಪೂರ್ವಜರ ಕುರ್ಚಿಗಳು ಗಟ್ಟಿಯಿದ್ದುದರಿಂದ ಅವರು ದಣಿದು ಆ ಹೊತ್ತಿಗೆ ಸಾಮೂಹಿಕವಾಗಿ ನಿದ್ರಿಸುತ್ತಿದ್ದರು, ನಾವೂ ಆ ಸಂಪ್ರದಾಯವನ್ನು ಗೌರವಿಸೋಣ ಎಂದರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಯಲ್ಲಿ ತಾಯಿಯಿಂದ ಮಗಳಿಗೆ ಬಂದ ಮಾತು ಬೇರೆ. ವಿಶ್ರಾಂತಿ ಎಂದರೆ ಯಾರೂ ವಿಶ್ರಮಿಸದ ಹೊತ್ತು. ಗಂಡಸರು ಪಾಯಿಖಾನೆಗೆ ಓಡಬೇಕು, ಹೆಂಗಸರು ಮಕ್ಕಳನ್ನು ಎಳೆದುಕೊಂಡು ಭಜಿಯವನ ಹತ್ತಿರ ನುಗ್ಗಬೇಕು, ಮತ್ತು ಎಲ್ಲರೂ ಬಾಯಿ ಸುಟ್ಟುಕೊಳ್ಳುತ್ತ ಮುಂದೇನಾಗುತ್ತದೆ ಎಂದು ಕಿತ್ತಾಡಬೇಕು.

ಚಿತ್ರದ ಹೆಸರಿನ ಭಾಗ ಹಾಳಾಗಿದೆ, ಹಾಗಾಗಿ ಹೆಸರು ಗೊತ್ತಿಲ್ಲ. ಒಬ್ಬ ಬಸ್ ಡ್ರೈವರ್. ಮಾಡದ ಕಳ್ಳತನ ಅವನ ತಲೆಗೆ ಬಂದು, ಅಪ್ಪ ಅವನನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ತಮ್ಮನಿಗೆ ಸತ್ಯ ಗೊತ್ತಿದ್ದೂ ಬಾಯಿ ಬಿಡುವುದಿಲ್ಲ. ವರ್ಷಗಳು ಕಳೆದು ಡ್ರೈವರ್ ಮನೆಗೆ ಬಂದು ಬಾಗಿಲು ಬಡಿಯುತ್ತಾನೆ. ಚಿತ್ರದುದ್ದಕ್ಕೂ ಅವನು ಅಪ್ಪನಿಗೆ ‘ನೀವು’ ಎನ್ನುತ್ತಾನೆ, ತಮ್ಮನಿಗೆ ‘ನೀನು’. ಬಾಗಿಲು ತೆರೆಯುತ್ತದೆ. ತೆರೆದವರು ಕಾಣುವುದಿಲ್ಲ, ಕಾಣುವುದು ಇವನ ಮುಖ ಒಂದೇ. “ನೀ...” ಎನ್ನುತ್ತಾನೆ, ಅಷ್ಟರಲ್ಲಿ ‘ವಿಶ್ರಾಂತಿ’.

ಸುತ್ತಲಿನವರೆಲ್ಲ ವಿಧೇಯರಾಗಿ ಕುರ್ಚಿ ವಾಲಿಸಿ ಕಣ್ಣು ಮುಚ್ಚಿದರು. ನನ್ನ ಗಂಡನೂ ಮುಚ್ಚಿದರು! ನಾನು ಮೊಣಕೈಯಿಂದ ತಿವಿದೆ.

“ಏಳ್ರಿ! ಮಲ್ಕೊಳ್ಳಾಕ ಅಲ್ರಿ ಇದು, ಜಗಳಾಡಾಕ!”

ರೇಣುಕಾದೇವಿ ಬಾಯಿಗೆ ಬೆರಳಿಟ್ಟು ಶ್ ಎಂದರು. ಅವರನ್ನು ಯಾರು ಕೇಳಬೇಕು. ಗಂಡನ ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗಿ ಡಬ್ಬಿ ಬಿಚ್ಚಿದೆ. ಅವರು ಒಂದು ಭಜಿ ತಿಂದರು. ಎರಡನೆಯದಕ್ಕೆ ಕಣ್ಣಲ್ಲಿ ನೀರು ಬಂತು. ನಾನು ಬೇಕೆಂದೇ, ಬಾಗಿಲು ತೆಗೆದದ್ದು ಅಪ್ಪನೇ, ‘ನೀವಾ’ ಎನ್ನಲು ಹೊರಟಿದ್ದ ಎಂದೆ.

“ಹುಚ್ಚಿ ಅದಿ. ‘ನೀನಾ’ ಅನ್ನಾಂವಿದ್ದ. ತಗದಾಂವ ತಮ್ಮ.”

“ತಮ್ಮಗ ಯಾವ ಮುಖಾ ಐತಿ? ಅಪ್ಪನ ತಗದಾನ, ನೋಡ್ಕೋತ ಇರ್ರಿ.”

“ಅಪ್ಪ ತಗಿಯಂಗಿಲ್ಲ!”

ಅಂಗಳದ ಗುಬ್ಬಿಗಳು ಹಾರಿಹೋದವು. ಐದು ವರ್ಷದಿಂದ ಕೇಳದ ದನಿ. ನಾನು ಖುಷಿಯಿಂದ ಇನ್ನಷ್ಟು ಏರಿಸಲು ಬಾಯಿ ತೆರೆದೆ. ಅವರು ಡಬ್ಬಿಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು.

“ನಾ ಬಾಗ್ಲಾ ಬಡದಾಗ ನಮ್ಮಪ್ಪ ತಗೀಲಿಲ್ಲ, ನೀಲಾ. ಒಳಗ ಕೆಮ್ಮೂದು ಕೇಳಸ್ತಿತ್ತು.”

ನಮ್ಮ ಮಾವನವರ ಫೋಟೋಗೆ ನಾನು ದಿನಾ ಹೂ ಏರಿಸುತ್ತೇನೆ. ಈ ಮಾತು ನನಗೆ ಗೊತ್ತಿರಲಿಲ್ಲ. ಇನ್ನೊಂದು ಭಜಿ ಕೊಟ್ಟೆ.

ಒಳಗೆ ಹೋದರೆ ತೆರೆ ಕಪ್ಪಾಗಿತ್ತು. ಸಿಕ್ಕಿದ್ದು ಮೊದಲರ್ಧ ಮಾತ್ರವಂತೆ, ಉಳಿದದ್ದು ಎಲ್ಲೋ ಕಳೆದುಹೋಗಿದೆ ಎಂದು ರೇಣುಕಾದೇವಿ ಕೈ ಮುಗಿದರು. ಜನ ನಿದ್ದೆಯಿಂದೆದ್ದು ಮೈ ಮುರಿದು, ಚೊಲೊ ಇತ್ತು ಎನ್ನುತ್ತ ಮನೆಗೆ ಹೋದರು. ನಾವಿಬ್ಬರು ಮಾತ್ರ ದಾರಿಯುದ್ದಕ್ಕೂ ಕಿತ್ತಾಡಿದೆವು. ಮರುದಿನವೂ. ಈ ಹೊತ್ತಿಗೂ ಅಡುಗೆಮನೆಯಿಂದ, ತಮ್ಮನೇ ಎನ್ನಲು ಹೊಸದೊಂದು ಕಾರಣ ಕೂಗಿ ಹೇಳುತ್ತಿದ್ದಾರೆ, ಮತ್ತು ಪ್ರತಿ ಕಾರಣದ ಹಿಂದೆ ಆ ಹಳೆಯ ಬಾಗಿಲಿನ ಬಗ್ಗೆ ಇನ್ನೊಂದು ಮಾತು ಹೊರಬರುತ್ತಿದೆ.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಕೆಟ್ಟ ಸಿನಿಮಾಗಳನ್ನು ಜೊತೆಯಲ್ಲೇ ನೋಡಿ, ಒಟ್ಟಿಗೇ ಬೈಯಿರಿ. ನಿಮಗೆ ಬೇಕಾದಂತೆಯೇ ಕಥೆ ತಿದ್ದಿಕೊಡುತ್ತೇವೆ ಎಂದು ಯಾರಾದರೂ ಕುರ್ಚಿ ತಂದರೆ ಕೂರಬೇಡಿ. ವಿಶ್ರಾಂತಿಯಲ್ಲಂತೂ ಯಾರೂ ಮಲಗಬೇಡಿ.

ಇನ್ನೊಂದು. ಈ ಚಿತ್ರದ ಎರಡನೇ ಅರ್ಧ ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ, ‘ನೀನಾ’ ಎಂದನೋ ‘ನೀವಾ’ ಎಂದನೋ ನಿಮಗೆ ಗೊತ್ತಿರುತ್ತದೆ. ತಿಳಿದುಕೊಳ್ಳಲು ನನ್ನ ಜೀವ ಚಡಪಡಿಸುತ್ತಿದೆ. ಆದರೂ ಕೈ ಮುಗಿಯುತ್ತೇನೆ, ಉತ್ತರ ಬರೆದು ಎಲ್ಲಿಯೂ ಇಡಬೇಡಿ. ನನ್ನ ಗಂಡ ಇನ್ನೂ ಹೇಳಿ ಮುಗಿಸಿಲ್ಲ.

ನೀಲಾಂಬಿಕೆ