ಗುಣಿಮಗ್ಗಕ್ಕೆ ಕಟ್ಟಿಸಿದ ಮೆಟ್ಟಿಲು

ಸನಮಡಿ,
ಮಾಘ ಮಾಸ, ೧೯೫೭

ಮಾತೃಸಮಾನರಾದ ರುಕ್ಮವ್ವನವರಿಗೆ,

ನಿಮ್ಮ ನೇಕಾರ ಅಮೋಘಸಿದ್ದಪ್ಪನ ಮಗಳು ಇಂದುಬಾಯಿ ತಲೆಬಾಗಿ ಮಾಡುವ ನಮಸ್ಕಾರ.

ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಹೋದ ಸೋಮವಾರ ಅಪ್ಪ ತೀರಿಕೊಂಡ. ವಿಜಾಪುರದ ಮಗಳ ಮನೆಯಲ್ಲಿ ನೀವು ಹಾಸಿಗೆ ಹಿಡಿದಿದ್ದೀರಿ, ತಾರು ಕಳಿಸಿ ಗಾಬರಿಪಡಿಸುವುದು ಬೇಡ ಎಂದಳು ಅವ್ವ. ಅದಕ್ಕೇ ಈ ಪತ್ರ. ಅಪ್ಪ ನರಳಲಿಲ್ಲ. ಮುಂಜಾನೆ ಅಂಗಳದ ಬಿಸಿಲಿಗೆ ಕೂತವನು ಹಾಗೇ ಗೋಡೆಗೆ ಒರಗಿದ.

ನಿಮಗೆ ಗೊತ್ತಿಲ್ಲದ ಒಂದೆರಡು ಸಂಗತಿಗಳಿವೆ. ಅಪ್ಪ ಇರುವವರೆಗೆ ಅವನ್ನು ಬಾಯಿ ಬಿಟ್ಟು ಹೇಳಲು ನನಗೆ ಧೈರ್ಯವಿರಲಿಲ್ಲ.

ಸಂಸ್ಥಾನ ವಿಲೀನವಾದ ಮರುವರ್ಷ ಅಪ್ಪನ ಮೊಣಕಾಲು ಕೈಕೊಟ್ಟವು. ನಿಮ್ಮ ಮಗ್ಗದ ಮನೆಯಲ್ಲಿ ಕಂಬಳಿ ನೇಯುವವನು ದಿನವಿಡೀ ಮಗ್ಗದ ಗುಣಿಯೊಳಗೆ ಕಾಲಿಳಿಬಿಟ್ಟು ಕೂರಬೇಕಲ್ಲ, ಇಳಿಯುವುದು ಹೇಗೋ ಆಗುತ್ತಿತ್ತು, ಏಳುವುದು ಆಗುತ್ತಿರಲಿಲ್ಲ. ಎಲ್ಲರೂ ಮನೆಗೆ ಹೋಗುವವರೆಗೆ ಕಾದು, ಯಾರೂ ನೋಡದಂತೆ ಮೊಣಕೈ ಊರಿ ತೆವಳಿ ಮೇಲೆ ಬರುತ್ತಿದ್ದನಂತೆ. ಅವ್ವ ಎಣ್ಣೆ ಹಚ್ಚುವಾಗ ಮೊಣಕೈಯ ತೊಗಲು ಕಿತ್ತುಹೋಗಿರುವುದನ್ನು ಕಂಡಳು. "ಯಾರಿಗೂ ಹೇಳಬ್ಯಾಡ. ಭೀಮರಾಯಗ ಆದಂಗ ನನಗೂ ಆಗತೈತಿ" ಎಂದ. ಬೇರೆಯವರ ಮಗ್ಗದಲ್ಲಿ ದುಡಿಯುತ್ತಿದ್ದ ಭೀಮರಾಯನನ್ನು, ಕೈ ನಡುಗುತ್ತದೆಂದು ಆ ಸುಗ್ಗಿಯಲ್ಲೇ ಬಿಡಿಸಿದ್ದರು. ಬೇವಿನ ಕಟ್ಟೆಯ ಮೇಲೆ ಅವನು ಕುಳಿತ ರೀತಿ ನೋಡಿದರೆ, ಮೈಯಲ್ಲಿ ಜೀವವಿದ್ದರೂ ಎಲ್ಲೋ ಕಳೆದುಹೋದವನಂತೆ ಕಾಣುತ್ತಿದ್ದ.

ಮುಚ್ಚಿಟ್ಟದ್ದು ಬಹಳ ದಿನ ನಡೆಯಲಿಲ್ಲ. ಒಂದು ಮಧ್ಯಾಹ್ನ ಎಲ್ಲರೆದುರಿಗೆ ಇಬ್ಬರು ಹಿಡಿದು ಅಪ್ಪನನ್ನು ಗುಣಿಯಿಂದ ಎತ್ತಬೇಕಾಯಿತು. ನಿಮ್ಮ ಮೈದುನ ಅಣ್ಣಾರಾಯರು ಅಲ್ಲೇ ಇದ್ದರು. "ವೈನಿ, ಮುದುಕರನ್ನ ಮನಿಗೆ ಕಳಸ್ರಿ. ಇದು ಮಗ್ಗದ ಮನಿ, ಧರ್ಮಛತ್ರ ಅಲ್ಲ" ಎಂದರು. ನೀವು ಉತ್ತರ ಕೊಡುವ ಮೊದಲೇ ಅಪ್ಪ ಕೋಲು ತೆಗೆದುಕೊಂಡು ಹೊರಬಿದ್ದ. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ. ರೊಟ್ಟಿ ಮುಟ್ಟಲಿಲ್ಲ. ನಾನು ಕರೆದರೂ ತಿರುಗಲಿಲ್ಲ. ಅವ್ವ ಒಲೆಯ ಮುಂದೆ ಕೂತು ಸದ್ದಿಲ್ಲದೆ ಅತ್ತಳು.

ಮರುದಿನ ನೀವೇ ನಮ್ಮ ಗುಡಿಸಲಿಗೆ ಬಂದಿರಿ. ನೀವು ಕೂತುಕೊಳ್ಳಲು ನಾನು ಕಂಬಳಿ ಹಾಸಿದೆ. ಅಪ್ಪ ಎದ್ದು ಕೂತನೇ ಹೊರತು ಮುಖ ಎತ್ತಲಿಲ್ಲ.

"ನನಗ ಧರ್ಮದ ಕೂಳು ಬ್ಯಾಡ್ರಿ ಅವ್ವಾರ."

"ಧರ್ಮಾ ಮಾಡಾಕ ಬಂದಿಲ್ಲ ಅಮೋಘಣ್ಣಾ. ಕೆಲಸಕ್ಕ ಕರ್ಯಾಕ ಬಂದೀನಿ. ಏನ ಮಾಡಿದ್ರ ನಿನಗ ಅನುಕೂಲ ಆಗತೈತಿ, ನೀನ ಹೇಳು."

ಅಪ್ಪನಿಗೆ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ತಪ್ಪು ಮಾಡಿದವನ ಹಾಗೆ ಮೆಲ್ಲಗೆ ಹೇಳಿದ. ಗುಣಿಯೊಳಗೆ ಒಂದು ಮೆಟ್ಟಿಲು, ಹಿಡಿದು ಏಳಲು ಒಂದು ಗೂಟ, ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ ಬರಲು ಅಪ್ಪಣೆ, ಊಟವಾದ ಮೇಲೆ ಸ್ವಲ್ಪ ಕಾಲು ಚಾಚಲು ಜಾಗ. "ಇಷ್ಟನಾ?" ಎಂದಿರಿ ನೀವು. ಅಪ್ಪ ಆಗ ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅದಕ್ಕೆ ನೀವು ತೆತ್ತದ್ದೂ ನನಗೆ ಗೊತ್ತು. ಇವತ್ತು ಒಬ್ಬನಿಗೆ ಮಾಡಿದರೆ ನಾಳೆ ಎಲ್ಲರೂ ಕೇಳುತ್ತಾರೆಂದು ಅಣ್ಣಾರಾಯರು ಜಗಳಕ್ಕೆ ನಿಂತರು. "ಕೇಳಲಿ. ಅವರಿಗೂ ಮೆಟ್ಟಿಲಾ ಕಟ್ಟಸೂಣು" ಎಂದಿರಿ. ಅವರು ತಮ್ಮ ಪಾಲಿನ ಮಗ್ಗಗಳನ್ನು ಕಿತ್ತುಕೊಂಡು ಬೇರೆಯಾದರು. ಖಾಲಿಯಾದ ಆ ಗುಣಿಗಳನ್ನು ನೋಡುತ್ತ ನೀವು ಒಬ್ಬರೇ ನಿಂತಿದ್ದಿರಿ ಎಂದು ಅಪ್ಪ ಹೇಳುತ್ತಿದ್ದ. ಹಾಗಿದ್ದೂ ಭೀಮರಾಯನನ್ನು ಕಟ್ಟೆಯಿಂದ ಎಬ್ಬಿಸಿ ಕರೆತಂದಿರಿ. ನಡುಗುವ ಕೈಗೆ ಲಾಳಿ ಕೊಡದೆ, ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿ ಕಾಯಿಸುವ ಕೆಲಸ ಕೊಟ್ಟಿರಿ. ಹುರುಪಿನಲ್ಲಿ ಎಷ್ಟೋ ಸಲ ಅದನ್ನು ತಳ ಹಿಡಿಸಿದನಂತೆ, ನೀವು ಬೈದಿರಂತೆ, ಅವನು ನಕ್ಕನಂತೆ.

ನೀವು ಕಟ್ಟಿಸಿಕೊಟ್ಟ ಮೆಟ್ಟಿಲು ಹತ್ತಿಳಿಯುತ್ತ ಅಪ್ಪ ಮುಂದೆ ಏಳು ವರ್ಷ ನೇಯ್ದ. ಮೊದಲಿನಷ್ಟು ಲಗುಬಗೆಯಿರಲಿಲ್ಲ. ಆ ಏಳು ವರ್ಷಗಳಲ್ಲೇ ನಾನು ಓದು ಮುಗಿಸಿ ಸೋನ್ಯಾಳದ ಕನ್ನಡ ಸಾಲೆಯಲ್ಲಿ ಮಾಸ್ತರ್ತಿಯಾದೆ. ಅಪ್ಪ ಆ ದಿನ ಮನೆಯಲ್ಲೇ ಮಲಗಿಬಿಟ್ಟಿದ್ದರೆ ನಾನು ಕುರಿಗಳ ಹಿಂದೆ ಹೋಗಬೇಕಿತ್ತು. ಇದನ್ನು ನಿಮಗೆ ಹೇಗೆ ಹೇಳಲಿ ಎಂದು ಎಷ್ಟೋ ಸಲ ಅಂದುಕೊಂಡು ಸುಮ್ಮನಾಗಿದ್ದೇನೆ.

ಈ ಸಂಕ್ರಾಂತಿ ಸೂಟಿಗೆ ಊರಿಗೆ ಬಂದಿದ್ದೆ. ನೀವು ಆಗಲೇ ವಿಜಾಪುರಕ್ಕೆ ಹೋಗಿದ್ದಿರಿ. ಅಪ್ಪನಿಗೆ ಬುತ್ತಿ ಕೊಡಲು ಮಗ್ಗದ ಮನೆಗೆ ಹೋದಾಗ ಅವನು ಕಂಬಳಿಯ ಅಂಚು ಮುಗಿಸುತ್ತಿದ್ದ. ಕತ್ತರಿಸಿ, ಕೊಡವಿ, ಮಡಚಿ ಇಟ್ಟ. ಮಗ್ಗಕ್ಕೆ ಇನ್ನೊಂದು ಕಂಬಳಿಯ ಹಾಸುನೂಲು ಏರಿಸಲಿಲ್ಲ. ಉಳಿದವರಿಗೆಲ್ಲ ಕೈಮುಗಿದ. ಹಾದಿಯಲ್ಲಿ ನನ್ನ ಕೈ ಹಿಡಿಯಲಿಲ್ಲ, ಕೋಲೂರಿ ತಾನೇ ನಡೆದ.

ನಡುಹಗಲಲ್ಲಿ ಬಂದವನನ್ನು ಕಂಡು ಅವ್ವನ ಮುಖ ಕಪ್ಪಿಟ್ಟಿತು.

"ಯಾಕ ಇಷ್ಟ ಲಗೂನ ಬಂದ್ರಿ? ಬಿಡಿಸಿದ್ರೇನು?"

ಅಪ್ಪ ರುಮಾಲು ತೆಗೆದು ಗೂಟಕ್ಕೆ ಹಾಕಿದ.

"ಯಾರೂ ಬಿಡಿಸಿಲ್ಲ. ನಾನ ಮುಗಿಸಿ ಬಂದೆ" ಎಂದ.

ಆ ಮಧ್ಯಾಹ್ನ ಅಪ್ಪ ಮಾಡಿದಂಥ ನೆಮ್ಮದಿಯ ನಿದ್ದೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಬೀರದೇವರು ನಿಮ್ಮ ಮೈಗೆ ಬಲ ಕೊಡಲಿ, ನಿಮ್ಮ ಬಾಗಿಲು ತೆರೆದೇ ಇರಲಿ.

ನಿಮ್ಮ ಮನೆಯ ಅನ್ನ ಉಂಡು ಬೆಳೆದ,
ಇಂದುಬಾಯಿ